ಟೀಚರ್, ಒಂದು ಮಾತು: ಬಸ್ಸು, ಮಳೆ, ಮಾರ್ಕ್ಸು

ಮಧ್ಯವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಮನೆಗೆ ಹೋಗಿ, ದಸರಾ ರಜೆ ಮುಗಿದು, ಮತ್ತೆ ಶಾಲೆ ಶುರುವಾದ ಮೇಲೆ ಬಂದ ಪತ್ರಗಳಿವು. ಈ ಸಲ ಹೆಚ್ಚಿನವು ನಮ್ಮ ಕೊಡಗಿನ ಹೈಸ್ಕೂಲು ಮಕ್ಕಳದ್ದೇ. ಆದ್ದರಿಂದ ಅವುಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ. ಇದೇ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೆ ಈ ಪತ್ರಗಳಲ್ಲಿರುವ ಊರು, ಬಸ್ಸು, ಮಳೆ ಎಲ್ಲ ಪರಿಚಿತ. ಅಪ್ಪ ಅಮ್ಮಂದಿರೂ ಓದಲಿ ಎಂಬ ಆಸೆಯಿಂದ ಕೆಲವು ಉತ್ತರಗಳನ್ನು ಉದ್ದವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ಟೀಚರ್, ನಮ್ಮನೆ ಮಾದಾಪುರದಿಂದ ಒಳಗೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಅರ್ಧ ಗಂಟೆ ನಡೆದರೆ ಬಸ್ಸು. ಸಂಜೆ ವಿಶೇಷ ತರಗತಿ ಮುಗಿಯುವಾಗ ಸರ್ಕಾರಿ ಬಸ್ಸು ಹೋಗಿರ್ತದೆ. ಪ್ರೈವೇಟ್ ಬಸ್ಸಿಗೆ ಕಾದು ಮನೆ ಸೇರುವಾಗ ಏಳು ಗಂಟೆ ದಾಟಿರ್ತದೆ. ಮಳೆಗಾಲದಲ್ಲಿ ಕರೆಂಟೂ ಇರ್ಲಿಲ್ಲ. ಗಣಿತದಲ್ಲಿ 80ಕ್ಕೆ 24 ಬಂತು. ಅಪ್ಪ ‘ನಿನ್ನ ತಲೆಗೆ ಹತ್ತೋದಿಲ್ಲ ಬಿಡು’ ಅಂದ್ರು. ಉತ್ತರ ಪತ್ರಿಕೆಯ ಜೆರಾಕ್ಸ್ ಇಟ್ಟಿದ್ದೇನೆ, ನೋಡಿ ಹೇಳಿ. ನಾನು ದಡ್ಡಿಯಾ?
– ಹತ್ತನೇ ತರಗತಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಅಲ್ಲ ಮಗಳೇ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ನಿನ್ನ ಪತ್ರಿಕೆಯನ್ನು ಸಾಲು ಸಾಲಾಗಿ ನೋಡಿಯೇ ಹೇಳುತ್ತಿದ್ದೇನೆ.

ಸಮಾಂತರ ಶ್ರೇಢಿಯ ಲೆಕ್ಕ ನೋಡು. 20, 16, 12 ಎಂದು ಸಾಗುವ ಶ್ರೇಢಿಯ 15ನೇ ಪದ ಕೇಳಿದ್ದಾರೆ. ಸೂತ್ರ ಸರಿಯಾಗಿ ಬರೆದಿದ್ದೀಯ. 15ರಲ್ಲಿ ಒಂದು ಕಳೆದು 14 ಎಂದೂ ಹಾಕಿದ್ದೀಯ. ಎಷ್ಟೋ ಮಕ್ಕಳು ಅಲ್ಲೇ ಜಾರುತ್ತಾರೆ. ಆದರೆ ಸಾಮಾನ್ಯ ವ್ಯತ್ಯಾಸವನ್ನು 4 ಎಂದು ತೆಗೆದುಕೊಂಡೆ. ಎರಡನೇ ಪದದಿಂದ ಮೊದಲನೆಯದನ್ನು ಕಳೆಯಬೇಕು, 16ರಿಂದ 20 ಹೋದರೆ ಮೈನಸ್ 4. ಅದೊಂದು ಚಿಹ್ನೆ ತಪ್ಪಿದ್ದಕ್ಕೆ ಮೈನಸ್ 36 ಬರಬೇಕಾದ ಕಡೆ 76 ಬಂತು. ಇಳಿಯುತ್ತಾ ಹೋಗುವ ಶ್ರೇಢಿಯಲ್ಲಿ 15ನೇ ಪದ ಮೊದಲ ಪದಕ್ಕಿಂತ ದೊಡ್ಡದಾಗಲು ಸಾಧ್ಯವೇ ಎಂದು ಉತ್ತರ ಬರೆದ ಮೇಲೆ ಒಂದು ಸಲ ಕೇಳಿಕೊಂಡಿದ್ದರೆ ತಪ್ಪು ನಿನಗೇ ಸಿಗುತ್ತಿತ್ತು. ಥೇಲ್ಸ್‌ನ ಪ್ರಮೇಯದಲ್ಲಿ ಚಿತ್ರ, ದತ್ತ, ಸಾಧನೀಯ, ರಚನೆ ನಾಲ್ಕೂ ಸರಿ. ಸಾಧನೆ ಮೂರನೇ ಸಾಲಿಗೆ ನಿಂತಿದೆ. ಗೊತ್ತಿಲ್ಲದವರು ರಚನೆಯ ತನಕ ಬರುವುದೇ ಇಲ್ಲ. ನೀನು ಓದಿದ್ದೀಯ, ಬರೆದು ಬರೆದು ಕೈ ಪಳಗಿಲ್ಲ, ಅಷ್ಟೇ.

ಕೈ ಪಳಗಲು ಸಮಯವಾದರೂ ಎಲ್ಲಿದೆ? ಏಳಕ್ಕೆ ಮನೆ ಬಿಟ್ಟು ಏಳರ ಮೇಲೆ ಮನೆ ಸೇರುವ ಮಗು ಕೈಕಾಲು ತೊಳೆದು, ಊಟ ಮಾಡಿ, ಅವ್ವನಿಗೆ ಪಾತ್ರೆ ತೊಳೆದುಕೊಟ್ಟು ಪುಸ್ತಕ ಹಿಡಿಯುವಾಗ ಒಂಬತ್ತು. ಅಲ್ಲಿಂದ ಕಣ್ಣು ಎಳೆಯುವವರೆಗೆ ಸಿಗುವುದು ಒಂದು ಗಂಟೆ, ಅದೂ ಕರೆಂಟ್ ಇದ್ದರೆ. ಆ ಒಂದು ಗಂಟೆಯಲ್ಲಿ ಆರು ವಿಷಯ. ನಿನ್ನ ಅಪ್ಪ ಈ ಅಂಕಣ ಓದುತ್ತಿದ್ದರೆ ಅವರಿಗೆ ಒಂದು ಮಾತು: ಮಗಳ ತಲೆಯ ಬಗ್ಗೆ ತೀರ್ಪು ಕೊಡುವ ಮೊದಲು ಅವಳ ದಿನದ ಲೆಕ್ಕ ಹಾಕಿ. ನಿಮ್ಮ ತೋಟದ ಒಂದು ಗಿಡ ಕಾಯಿ ಬಿಡದಿದ್ದರೆ ನೆರಳು ಹೆಚ್ಚಾಯಿತಾ, ಗೊಬ್ಬರ ಸಾಲದಾ ಎಂದು ನೋಡುತ್ತೀರಿ, ಗಿಡವನ್ನು ಬಯ್ಯುವುದಿಲ್ಲ.

ಈಗ ಮಾಡಬೇಕಾದ ಕೆಲಸ. ವಿಶೇಷ ತರಗತಿಯಿಂದ ಬಸ್ಸು ತಪ್ಪುವವಳು ನೀನೊಬ್ಬಳೇ ಇರಲಾರೆ. ಎಲ್ಲರೂ ಸೇರಿ ಹೆಡ್‌ಮಾಸ್ಟರಿಗೆ ಒಂದು ಅರ್ಜಿ ಬರೆಯಿರಿ, ಅದರಲ್ಲಿ ಪ್ರತಿಯೊಬ್ಬರ ಊರು, ಬಸ್ಸಿನ ಸಮಯ, ಮನೆ ಸೇರುವ ಸಮಯ ಇರಲಿ. ವಿಶೇಷ ತರಗತಿಯನ್ನು ಬೆಳಿಗ್ಗೆಗೋ ಮಧ್ಯಾಹ್ನದ ಬಿಡುವಿಗೋ ತರಲು ಶಾಲೆಯವರಿಗೆ ಸಾಧ್ಯವಿದೆ. ಆಗದಿದ್ದರೆ ಹೆಡ್‌ಮಾಸ್ಟರು ಮತ್ತು ಪಂಚಾಯಿತಿಯವರು ಸೇರಿ ಡಿಪೋ ಮ್ಯಾನೇಜರಿಗೆ ಬಸ್ಸಿನ ಸಮಯದ ಬಗ್ಗೆ ಪತ್ರ ಕೊಡಲಿ. ಇದರಲ್ಲಿ ದುಡ್ಡಿನ ಮಾತೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಪ್ರೈವೇಟ್ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಓಡುವುದು ಬಹಳ ಕಡೆ ಪ್ರೈವೇಟ್ ಬಸ್ಸುಗಳೇ. ನಿಮ್ಮಂಥ ಮಕ್ಕಳು ಶಾಲೆಯಲ್ಲಿ ಒಂದು ಗಂಟೆ ಹೆಚ್ಚು ಕೂತದ್ದಕ್ಕೆ ದಿನಾ ಟಿಕೆಟ್ ಕೊಡುತ್ತಿದ್ದಾರೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಜಿಯಲ್ಲಿ ಅದನ್ನೂ ಬರೆಯಿರಿ.

ಬಸ್ಸಿಗೆ ಕಾಯುವಾಗ ಲೆಕ್ಕ ಮಾಡಲು ಹೋಗಬೇಡ. ಪ್ರಮೇಯದ ಹೇಳಿಕೆಗಳನ್ನು ಬಾಯಲ್ಲಿ ಹೇಳಿಕೋ, ಜೊತೆಗೆ ಗೆಳತಿ ಇದ್ದರೆ ಒಬ್ಬರು ಒಂದು ಸಾಲು, ಇನ್ನೊಬ್ಬರು ಮುಂದಿನ ಸಾಲು. ಭಾನುವಾರ ಬೆಳಿಗ್ಗೆ ಹಗಲು ಬೆಳಕಿನಲ್ಲಿ ಎರಡು ಗಂಟೆ ಗಣಿತಕ್ಕೆ ಮಾತ್ರ ಇಡು, ಪೆನ್ನು ಹಿಡಿದು ಬರೆಯುವುದಕ್ಕೆ. ವಾರ್ಷಿಕ ಪರೀಕ್ಷೆಯಲ್ಲೂ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಆ 20ರಲ್ಲಿ ಒಂದನ್ನೂ ಬಿಡಬೇಡ. ಚಟುವಟಿಕೆಯ ಪುಸ್ತಕವನ್ನು ಈಗಲೇ ಮುಗಿಸಿ ಕೊಡು. ಮಳೆ ರಜೆಗೆ ಬದಲಾಗಿ ಶನಿವಾರ ಮಧ್ಯಾಹ್ನವೂ ಕೂರಿಸುತ್ತಾರೆ ಎಂದು ಪತ್ರದ ಕೊನೆಯಲ್ಲಿ ಸಿಟ್ಟು ಮಾಡಿದ್ದೀಯಲ್ಲ, ಆ ಸಿಟ್ಟು ನ್ಯಾಯವೇ. ಜಿಲ್ಲಾಧಿಕಾರಿಗಳು ರಜೆ ಕೊಡುವುದು ಮಕ್ಕಳ ಜೀವ ಉಳಿಯಲಿ ಎಂದು. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೋದ ಪಾಠ ಮುಗಿಯಲೂ ಬೇಕು. ಆದರೆ ಆ ಶನಿವಾರಗಳಲ್ಲಿ ಹೊಸ ಪಾಠ ಓಡಿಸುವ ಬದಲು ಮಕ್ಕಳ ಕೈಯಲ್ಲಿ ಲೆಕ್ಕ ಮಾಡಿಸಿ ಎಂದು ನನ್ನ ಸಹೋದ್ಯೋಗಿಗಳನ್ನು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಮಳೆಗಾಲ ಪೂರ್ತಿ ನನ್ನ ಯೂನಿಫಾರ್ಮ್ ಒಣಗೋದು ಒಲೆ ಮೇಲೆ. ಹೊಗೆ ವಾಸನೆ ಅಂತ ಪಕ್ಕದವಳು ಮೂಗು ಮುಚ್ಚಿಕೊಳ್ತಾಳೆ. ಈಗ ಬಿಸಿಲು ಬಂದರೂ ನನಗೆ ಅವಳ ಪಕ್ಕ ಕೂರಲು ನಾಚಿಕೆ.
– ಎಂಟನೇ ತರಗತಿ, ಭಾಗಮಂಡಲದ ಕಡೆ

ಉತ್ತರ: ಕೂಸೇ, ನಿಮ್ಮ ಕಡೆ ಜುಲೈಯಲ್ಲಿ ಹೊಗೆಯ ವಾಸನೆ ಇಲ್ಲದ ಮನೆ ಯಾವುದು? ವಾಷಿಂಗ್ ಮಷೀನು ಇರುವ ಮನೆಗಳಲ್ಲೂ ಕಾಲುಚೀಲ ಒಣಗುವುದು ಒಲೆಯ ಹತ್ತಿರವೇ. ಬರುವ ವರ್ಷಕ್ಕೆ ಒಂದು ಉಪಾಯ ಹೇಳುತ್ತೇನೆ. ಕಟ್ಟಿಗೆ ಉರಿಯುತ್ತಿರುವಾಗ ಬಟ್ಟೆ ಹರವಬೇಡ, ಹೊಗೆ ಕೂರುವುದು ಆಗ. ಅಡುಗೆಯಾಗಿ, ಉರಿ ಇಳಿದು ಬರೀ ಕೆಂಡ ಉಳಿದ ಮೇಲೆ ಹರವು. ರಾತ್ರಿಯಿಡೀ ಒಣಗಲಿ, ಬೆಳಿಗ್ಗೆ ಒಲೆ ಹಚ್ಚುವ ಮೊದಲು ತೆಗೆದುಬಿಡು. ವಾಸನೆ ಬಹಳ ಕಡಿಮೆಯಾಗುತ್ತದೆ.

ಪಕ್ಕದವಳ ಹತ್ತಿರ ನೇರವಾಗಿ ಹೇಳು, ‘ನೀನು ಮೂಗು ಮುಚ್ಚಿದರೆ ನನಗೆ ಬೇಜಾರಾಗ್ತದೆ’ ಎಂದು. ಜಗಳ ಬೇಡ, ಆ ಒಂದೇ ಮಾತು ಸಾಕು. ಮತ್ತೂ ಮಾಡಿದರೆ ಕ್ಲಾಸ್ ಟೀಚರಿಗೆ ತಿಳಿಸು. ನಾಚಿಕೆ ಪಡುವಂಥದ್ದು ನಿನ್ನ ಕಡೆಯಿಂದ ಏನೂ ಆಗಿಲ್ಲ.

ಪ್ರಶ್ನೆ: ನಮ್ಮದು ಕಾಫಿ ತೋಟದ ಕೂಲಿಯವರ ಲೈನ್ ಮನೆ. ಜನವರಿಯಲ್ಲಿ ರೊಬಸ್ಟಾ ಕೊಯ್ಲು ಶುರುವಾದರೆ ಅಪ್ಪ ಅಮ್ಮ ಇಬ್ಬರೂ ಹೋಗ್ತಾರೆ. ತಂಗಿಗೆ ಎರಡು ವರ್ಷ, ಅವಳನ್ನು ನೋಡಿಕೊಳ್ಳಲು ನಾನು ಮನೆಯಲ್ಲಿ. ಕೆಲವು ದಿನ ಕೊಯ್ಯಲೂ ಹೋಗ್ತೇನೆ. ಹೋದ ವರ್ಷ ಅದಕ್ಕೇ ತುಂಬ ದಿನ ತಪ್ಪಿತು. ಸರ್ ಕ್ಲಾಸಲ್ಲಿ ಎದ್ದು ನಿಲ್ಲಿಸಿ ‘ಇವನಿಗೆ ಓದು ಬೇಡ, ಕೂಲಿ ಸಾಕು’ ಅಂದ್ರು. ಈ ವರ್ಷ ನಾನು ಹತ್ತನೇ. ಏನು ಮಾಡಲಿ?
– ಸಿದ್ದಾಪುರದ ಹತ್ತಿರ

ಉತ್ತರ: ಮಗಾ, ಎಲ್ಲಕ್ಕಿಂತ ಮೊದಲು ಇದು: ಕೂಲಿ ಮಾಡುವ ಅಪ್ಪ ಅಮ್ಮನ ಬಗ್ಗೆ ನಲವತ್ತು ಮಕ್ಕಳ ಎದುರು ಹಾಗೆ ಹೇಳುವ ಹಕ್ಕು ಯಾವ ಮೇಷ್ಟರಿಗೂ ಇಲ್ಲ. ಆ ಮಾತನ್ನು ನೀನು ಇಷ್ಟು ದಿನ ಒಳಗೆ ಇಟ್ಟುಕೊಂಡಿದ್ದೀಯ ಎಂದು ಓದಿ ನನಗೆ ಬಹಳ ನೋವಾಯಿತು.

ಈಗ ಜನವರಿಗೆ ಇನ್ನೂ ಸಮಯವಿದೆ, ಆದ್ದರಿಂದ ಕೆಲಸ ಆಗುತ್ತದೆ. ಎಸ್ಸೆಸ್ಸೆಲ್ಸಿಗೆ ಕೂರಲು 75 ಶೇಕಡ ಹಾಜರಾತಿ ಬೇಕು. ಪೂರ್ವಸಿದ್ಧತಾ ಪರೀಕ್ಷೆಗಳು ಬರುವುದೂ ಕೊಯ್ಲಿನ ಹೊತ್ತಿಗೇ. ನಿನ್ನ ಹಾಜರಾತಿ ಎಷ್ಟಾಗಿದೆ ಎಂದು ಈ ವಾರವೇ ಕ್ಲಾಸ್ ಟೀಚರ್ ಹತ್ತಿರ ಕೇಳಿ ಬರೆದುಕೋ. ಅಪ್ಪನಿಗೆ ಆ ಸಂಖ್ಯೆ ತೋರಿಸಿ, ಇನ್ನು ಎಷ್ಟು ದಿನ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೇಳು. ‘ಓದು ಮುಖ್ಯ’ ಎಂದು ನೀನು ವಾದ ಮಾಡಿದರೆ ಅಪ್ಪ ಸುಮ್ಮನೆ ಕೇಳಿ ಎದ್ದು ಹೋಗಬಹುದು. ದಿನದ ಲೆಕ್ಕ ಅವರಿಗೆ ಅರ್ಥವಾಗುತ್ತದೆ, ಅವರು ದಿನಾ ಕೆ.ಜಿ. ಲೆಕ್ಕದಲ್ಲಿ ಬದುಕುವವರು.

ತಂಗಿಯ ವಿಷಯ. ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಶುರುವಾಗಿವೆ, ಮೂರು ವರ್ಷದೊಳಗಿನ ಮಕ್ಕಳಿಗಾಗಿ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ಅಮ್ಮ ಪಿಡಿಓ ಹತ್ತಿರ ಕೇಳಲಿ. ಇಲ್ಲವೆಂದರೆ ಲೈನಿನಲ್ಲಿ ಕೊಯ್ಲಿಗೆ ಹೋಗಲಾಗದ ಅಜ್ಜಿಯೊಬ್ಬರು ಇರುತ್ತಾರೆ; ನಾಲ್ಕು ಮನೆಯವರು ಸೇರಿ ಅವರಿಗೆ ಏನಾದರೂ ಕೊಟ್ಟು ಮಕ್ಕಳನ್ನು ಒಟ್ಟಿಗೆ ಬಿಡುವ ರೂಢಿ ಎಷ್ಟೋ ತೋಟಗಳಲ್ಲಿದೆ. ಅದೂ ಆಗದಿದ್ದರೆ ಕೊನೆಯ ದಾರಿ ಸರ್ಕಾರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯ. ವರ್ಷದ ನಡುವೆ ಸೀಟು ಸಿಗುವುದು ಕಷ್ಟ, ಆದರೂ ಹೆಡ್‌ಮಾಸ್ಟರ ಪತ್ರ ಹಿಡಿದು ಹೋಗಿ ಕೇಳುವುದರಲ್ಲಿ ನಷ್ಟವಿಲ್ಲ.

ಆ ಸರ್ ಹತ್ತಿರ ನೀನು ಮಾತಾಡಲು ಹೆದರುತ್ತೀಯಾದರೆ ಇನ್ನೊಬ್ಬ ಟೀಚರ್ ಹತ್ತಿರ ಹೋಗು. ಶಾಲೆಯಲ್ಲಿ ಒಬ್ಬರಾದರೂ ನಿನ್ನ ಮಾತು ಕೇಳುವವರು ಇದ್ದೇ ಇರುತ್ತಾರೆ. ತೋಟದ ಮಾಲೀಕರು ಈ ಪುಟ ಓದುತ್ತಿದ್ದರೆ ಅವರನ್ನೂ ಕೇಳುತ್ತೇನೆ: ಕೊಯ್ಲಿನ ದಿನ ಶಾಲೆಯ ವಯಸ್ಸಿನ ಹುಡುಗನ ಸೊಂಟದಲ್ಲಿ ಚೀಲ ಕಂಡರೆ ತೂಕ ಹಾಕುವ ಮೊದಲು ಅವನನ್ನು ಶಾಲೆಗೆ ಕಳಿಸಿ.

ಪ್ರಶ್ನೆ: ದಾರಿಯಲ್ಲಿ ಆನೆ ಇದ್ದದ್ದಕ್ಕೆ ಲೇಟಾಯ್ತು ಅಂದರೆ ‘ದಿನಾ ಆನೆ ಕಥೆ’ ಅಂತ ಹೊರಗೆ ನಿಲ್ಲಿಸ್ತಾರೆ ಟೀಚರ್.
– ಒಂಬತ್ತನೇ ತರಗತಿ, ಮಾಲ್ದಾರೆ ಕಡೆ

ಉತ್ತರ: ಹೊರಗೆ ನಿಂತರೂ ಪರವಾಗಿಲ್ಲ, ಆನೆ ದಾಟುವವರೆಗೆ ಮುಂದೆ ಹೆಜ್ಜೆ ಇಡಬೇಡ. ಲೇಟಾಯಿತೆಂದು ತೋಟದೊಳಗಿನ ಅಡ್ಡದಾರಿ ಹಿಡಿಯುವ ಮಕ್ಕಳಿದ್ದಾರೆ, ಅದನ್ನು ಎಂದೂ ಮಾಡಬೇಡಿ. ಕಾಫಿ ಗಿಡಗಳ ನಡುವೆ ಹತ್ತಡಿ ದೂರದ ಆನೆಯೂ ಕಾಣುವುದಿಲ್ಲ. ಒಬ್ಬೊಬ್ಬರೇ ಬರುವ ಬದಲು ನಿಮ್ಮ ದಾರಿಯ ಮಕ್ಕಳೆಲ್ಲ ಗುಂಪಾಗಿ, ದೊಡ್ಡವರೊಬ್ಬರ ಜೊತೆ ಬನ್ನಿ. ಆನೆ ಕಂಡ ದಿನ ಅಪ್ಪನೋ ಅವ್ವನೋ ಶಾಲೆಗೆ ಒಂದು ಫೋನ್ ಮಾಡಲಿ. ಗೇಟಿನಲ್ಲಿ ನಿಲ್ಲಿಸುವವರಿಗೆ: ಆನೆಯ ದಾರಿಯಲ್ಲಿ ನಡೆದು ಬಂದ ಮಗುವಿಗೆ ಮೊದಲು ನೀರು ಕೊಡಿ. ಹಾಜರಿ ಆಮೇಲೆ ಹಾಕಿದರಾಯಿತು.

ಪ್ರಶ್ನೆ: ನನಗೆ ಹಾಕಿ ಬಿಟ್ಟರೆ ಬೇರೆ ಏನೂ ಬೇಡ. ಮನೆಯಲ್ಲಿ ಸ್ಟಿಕ್ ಅಟ್ಟದ ಮೇಲೆ ಇಟ್ಟಿದ್ದಾರೆ, ‘ಹತ್ತನೇ ಮುಗಿಯಲಿ’ ಅಂತ. ಚಿಕ್ಕಪ್ಪನ ಮಗಳು 600ರ ಮೇಲೆ ತೆಗೆದಳು, ದಿನಾ ಊಟಕ್ಕೆ ಕೂತಾಗ ಅವಳದ್ದೇ ಮಾತು. ಊಟವೇ ಬೇಡ ಅನಿಸ್ತದೆ.
– ಪೊನ್ನಂಪೇಟೆ ತಾಲ್ಲೂಕು

ಉತ್ತರ: ಸ್ಟಿಕ್ ಕೆಳಗೆ ಬರಲಿ ಎಂಬುದು ನನ್ನ ಅಭಿಪ್ರಾಯ. ಸಂಜೆ ಮುಕ್ಕಾಲು ಗಂಟೆ ಓಡಿ ಬಂದ ಹುಡುಗ ರಾತ್ರಿ ಪುಸ್ತಕದ ಮುಂದೆ ಚೆನ್ನಾಗಿ ಕೂರುತ್ತಾನೆ, ಇದನ್ನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂತೇ ಇರುವವನಿಗೆ ಪುಟ ತಿರುಗುತ್ತದೆ, ತಲೆಗೆ ಹೋಗುವುದಿಲ್ಲ.

ಮನೆಯವರಿಗೆ ಹೇಳಲು ನಿನಗೆ ಬೇಕಾದಷ್ಟು ಮಾತಿದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್‌ನಲ್ಲಿ ಭಾರತದ ನಾಯಕನಾದ ಎಂ.ಎಂ. ಸೋಮಯ್ಯ ನಮ್ಮವರು. ಸೋಮವಾರಪೇಟೆಯ ಎಸ್.ವಿ. ಸುನಿಲ್ 2012 ಮತ್ತು 2016ರ ಒಲಿಂಪಿಕ್ಸ್ ಆಡಿದರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ತಂಡದಲ್ಲಿ ಆಡುವ ನಾಡು ಇದು. ಇಂಥ ಊರಲ್ಲಿ ಹಾಕಿ ಆಡುವವನು ದಾರಿ ತಪ್ಪಿದವನೆಂಬ ಮಾತು ಬರಬಾರದು. ಎಲ್ಲರೂ ಒಲಿಂಪಿಕ್ಸಿಗೆ ಹೋಗುವುದಿಲ್ಲ, ಅದು ನಿನಗೂ ಗೊತ್ತಿರಲಿ. ಆದರೆ ಮುಂದೆ ವೃತ್ತಿ ಕೋರ್ಸುಗಳ ಸೀಟಿನಲ್ಲಿ ಕ್ರೀಡಾ ಕೋಟಾ ಇದೆ. ರಾಜ್ಯ ಮಟ್ಟದ ಸರ್ಟಿಫಿಕೇಟುಗಳನ್ನು ಒಂದೂ ಕಳೆಯದೆ ಫೈಲಿನಲ್ಲಿ ಇಡು, ಅಪ್ಪನ ಕೈಗೆ ಆ ಫೈಲನ್ನೇ ಕೊಡು. ಬದಲಿಗೆ ನೀನೂ ಒಂದು ಮಾತು ಕೊಡಬೇಕು: ಜನವರಿಯಿಂದ ಪರೀಕ್ಷೆಯವರೆಗೆ ಟೂರ್ನಮೆಂಟ್ ಇಲ್ಲ, ಸಂಜೆಯ ಆಟ ಮಾತ್ರ.

ಊಟದ ಹೊತ್ತಿನ ಹೋಲಿಕೆ ಬಗ್ಗೆ ಅವ್ವನಿಗೆ ಹೇಳುತ್ತೇನೆ. ತಟ್ಟೆಯ ಮುಂದೆ ಮಾರ್ಕ್ಸಿನ ಮಾತು ಬೇಡಮ್ಮ. ಆ ಹುಡುಗಿ ಚೆನ್ನಾಗಿ ಓದಿದಳು, ಸಂತೋಷ. ಅವಳ ಮಾರ್ಕ್ಸಿನಿಂದ ನಿಮ್ಮ ಮಗನಿಗೆ ಒಂದು ಮಾರ್ಕೂ ಹೆಚ್ಚುವುದಿಲ್ಲ, ಅವನು ಬಿಡುವುದು ಮಾತ್ರ ನಿಮ್ಮ ಕೈಯ ಅನ್ನ.

ಪ್ರಶ್ನೆ: ಫೇಲಾದರೆ ಎಂದು ಯೋಚಿಸಿದರೆ ರಾತ್ರಿ ನಿದ್ದೆ ಇಲ್ಲ. ಎದೆ ಹೊಡೆದುಕೊಳ್ತದೆ. ಕೆಲವು ಸಲ ಇರೋದೇ ಬೇಡ ಅನಿಸ್ತದೆ. ಯಾರಿಗೂ ಹೇಳಿಲ್ಲ.
– ಊರು ಹಾಕಬೇಡಿ

ಉತ್ತರ: ನನಗೆ ಹೇಳಿದೆಯಲ್ಲ, ಒಳ್ಳೆಯದು ಮಾಡಿದೆ. ಇನ್ನೊಬ್ಬರಿಗೂ ಇವತ್ತೇ ಹೇಳಬೇಕು. ಪತ್ರಿಕೆ ಅಚ್ಚಾಗಿ ಕೈ ಸೇರುವುದು ತಡ ಎಂದು ನಿನ್ನ ಪತ್ರದಲ್ಲಿದ್ದ ನಂಬರಿಗೆ ಆಗಲೇ ಫೋನ್ ಮಾಡಿ ಮಾತಾಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಿನ್ನ ಹಾಗೆಯೇ ಒಳಗೊಳಗೇ ಬೇಯುತ್ತಿರುವ ಬೇರೆ ಮಕ್ಕಳಿಗೂ. 14416 ಟೆಲಿ ಮನಸ್ ನಂಬರು. ಯಾವ ಹೊತ್ತಿಗೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 1098 ಮಕ್ಕಳ ಸಹಾಯವಾಣಿ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಶಾಲೆಯ ಫೋನಿನಿಂದ ಮಾಡಿ, ಅಥವಾ ನಿಮಗೆ ಇಷ್ಟವಾದ ಟೀಚರ ಹತ್ತಿರ ‘ನನಗೆ ಭಯವಾಗ್ತಿದೆ’ ಎಂದಷ್ಟೇ ಹೇಳಿ. ಉಳಿದದ್ದು ಅವರು ಕೇಳಿಕೊಳ್ಳುತ್ತಾರೆ.

ಫೇಲಾದರೆ ಏನು ಎಂಬ ಪ್ರಶ್ನೆಗೂ ನಿಜವಾದ ಉತ್ತರ ಇದೆ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಒಂದನೆಯದರಲ್ಲಿ ಕಡಿಮೆಯಾದರೆ ಎರಡನೆಯದು ಇದೆ. ಹಿಂದಿನ ಹಾಗೆ ‘ಸಪ್ಲಿಮೆಂಟರಿ’ ಎಂಬ ಹಣೆಪಟ್ಟಿ ಇಲ್ಲ. ಪಾಸಾದವರೂ ಮಾರ್ಕ್ಸ್ ಸಾಲದೆಂದು ಮತ್ತೆ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಇಟ್ಟುಕೊಳ್ಳಬಹುದು. ಒಂದು ದಿನದ ಒಂದು ಪತ್ರಿಕೆಯ ಮೇಲೆ ಒಂದು ವರ್ಷ ನಿಲ್ಲುವ ಕಾಲ ಹೋಯಿತು. ಅಪ್ಪ ಅಮ್ಮಂದಿರೇ, ರಾತ್ರಿ ಮಕ್ಕಳು ಎದ್ದು ಕೂತಿದ್ದರೆ ‘ಓದುತ್ತಿದ್ದಾರೆ’ ಎಂದು ಸಮಾಧಾನ ಪಡಬೇಡಿ, ಹತ್ತಿರ ಹೋಗಿ ಕೂತು ಕೇಳಿ.

ಪ್ರಶ್ನೆ: ನನ್ನದು ದೂರು ಅಲ್ಲ ಟೀಚರ್. ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಮಳೆಗಾಲದಲ್ಲಿ ನೆನೆದು ಬಂದವರಿಗೆಲ್ಲ ಅಡುಗೆಮನೆಯಲ್ಲಿ ಒಲೆ ಹತ್ತಿರ ಜಾಗ ಕೊಡ್ತಾರೆ. ಕಾಲಿಗೆ ಬಿಸಿನೀರು ಕೊಡ್ತಾರೆ. ಮೊಟ್ಟೆ ತಿನ್ನದವರಿಗೆ ಮರೆಯದೆ ಬಾಳೆಹಣ್ಣು ಎತ್ತಿಡ್ತಾರೆ. ಅವರಿಗೆ ಏನು ಕೊಡಬೇಕು? ನಮ್ಮ ಹತ್ತಿರ ದುಡ್ಡಿಲ್ಲ.
– ಮೂವರು ಗೆಳತಿಯರು, ಒಂಬತ್ತನೇ ತರಗತಿ, ಮಡಿಕೇರಿ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿ, ಮನೆಯವರಿಗೂ ಓದಿ ಹೇಳಿದೆ. ಬಿಸಿಯೂಟದ ಅಡುಗೆಯವರಿಗೆ ಸಿಗುವ ಗೌರವಧನ ಬಹಳ ಕಡಿಮೆ. ನೂರಾರು ಮೊಟ್ಟೆ ಬೇಯಿಸಿ ಸುಲಿದು, ಅನ್ನ ಸಾರು ಮಾಡಿ, ದೊಡ್ಡ ಪಾತ್ರೆಗಳನ್ನು ತಣ್ಣೀರಿನಲ್ಲಿ ಉಜ್ಜಿ ಮನೆಗೆ ಹೋಗುವವರು ಅವರು. ಅದರ ನಡುವೆ ನಿಮ್ಮ ಕಾಲು ತಣ್ಣಗಾಗಿದೆ ಎಂದು ಅವರಿಗೆ ಕಂಡಿತಲ್ಲ, ಅದು ಅವರ ಕೆಲಸದ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ದುಡ್ಡು ಬೇಡ. ನಿಮ್ಮ ತಟ್ಟೆಯಲ್ಲಿ ಅನ್ನ ಬಿಡಬೇಡಿ, ತೊಳೆಯುವ ಜಾಗದಲ್ಲಿ ಬಿದ್ದ ಅಗುಳನ್ನು ಆ ದಿನದ ಸರದಿಯವರು ಎತ್ತಿ ಹಾಕಿ. ಅಕ್ಕನಿಗೆ ಸಂಜೆ ಅರ್ಧ ಗಂಟೆ ಉಳಿಯುತ್ತದೆ. ಮೂವರೂ ಸೇರಿ ಒಂದು ಪತ್ರ ಬರೆಯಿರಿ. ‘ಥ್ಯಾಂಕ್ಸ್ ಅಕ್ಕ’ ಎಂದು ನಿಲ್ಲಿಸಬೇಡಿ, ನನಗೆ ಬರೆದ ಹಾಗೆ ಬಿಸಿನೀರಿನದ್ದು, ಬಾಳೆಹಣ್ಣಿನದ್ದು ಎಲ್ಲ ಬರೆಯಿರಿ. ಅವರಿಗೆ ಓದಲು ಕಷ್ಟವಾದರೆ ನೀವೇ ಓದಿ ಹೇಳಿ. ಗಣರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಅವರನ್ನೂ ಕರೆಯಬೇಕೆಂದು ಹೆಡ್‌ಮಾಸ್ಟರನ್ನು ಕೇಳಿ. ಮಕ್ಕಳೇ ಕೇಳಿದರೆ ಇಲ್ಲ ಎನ್ನುವ ಹೆಡ್‌ಮಾಸ್ಟರನ್ನು ನಾನು ಕಂಡಿಲ್ಲ.

ಪ್ರಶ್ನೆ: ಎನ್‌ಎಂಎಂಎಸ್ ಪರೀಕ್ಷೆ ಬರೆದರೆ ದುಡ್ಡು ಬರ್ತದೆ ಅಂತಾರೆ. ನಿಜವಾ? ನಾನು ಎಂಟನೇ ಕ್ಲಾಸು.
– ಕುಶಾಲನಗರ

ಉತ್ತರ: ನಿಜ. ಎನ್‌ಎಂಎಂಎಸ್ ಎಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ, ನೇರ ನಿನ್ನ ಬ್ಯಾಂಕ್ ಖಾತೆಗೆ. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ: ಒಂದು ಬುದ್ಧಿಶಕ್ತಿಯದ್ದು, ಇನ್ನೊಂದು ಪಾಠದ್ದು. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ನಾಳೆಯೇ ಕ್ಲಾಸ್ ಟೀಚರನ್ನು ಕೇಳು, ಆದಾಯ ಪ್ರಮಾಣಪತ್ರಕ್ಕೆ ಅಪ್ಪನನ್ನು ನಾಡಕಚೇರಿಗೆ ಕಳಿಸು, ನಿನ್ನ ಹೆಸರಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ನೋಡಿಸು. ಗಣಿತದ ಭಾಗದಲ್ಲಿ ಯಾವುದಾದರೂ ಲೆಕ್ಕ ಬಿಡಿಸಲು ಬರದಿದ್ದರೆ ಈ ಅಂಕಣಕ್ಕೇ ಬರೆ, ಹಂತ ಹಂತವಾಗಿ ಬಿಡಿಸಿ ಕಳಿಸುತ್ತೇನೆ.